ಆಂಜಿಯೋಗ್ರಾಂಗೆ ಮುನ್ನ ಮೂತ್ರಪಿಂಡದ ಲೆಕ್ಕ

ದಾವಣಗೆರೆಯ ಆಸ್ಪತ್ರೆಯೊಂದರ ಕ್ಯಾಥ್ ಲ್ಯಾಬಿನಲ್ಲಿ, ಅಂದರೆ ರಕ್ತನಾಳದೊಳಗೆ ಕೊಳವೆ ಹಾಕಿ ನೋಡುವ ಕೋಣೆಯಲ್ಲಿ, ನನಗೆ ಹೃದಯದ ಆಂಜಿಯೋಗ್ರಾಂ ಮಾಡಲು ಹಿಡಿದದ್ದು ಅರ್ಧ ಗಂಟೆಗಿಂತ ಕಡಿಮೆ ಸಮಯ. ಆದರೆ ಅದರ ತಯಾರಿ ಹಿಂದಿನ ವಾರದಿಂದಲೇ ನಡೆದಿತ್ತು. ಎಲ್ಲ ಮುಗಿದು ಮನೆಗೆ ಬಂದ ಮೇಲೂ ರಕ್ತಪರೀಕ್ಷೆಯ ವರದಿಗೆ ಕಾಯುವುದು ಉಳಿದಿತ್ತು. ಪರೀಕ್ಷೆ ಹೃದಯದ್ದಾದರೂ ಈ ಮುಂಚಿನ ಮತ್ತು ನಂತರದ ಕೆಲಸವೆಲ್ಲ ಮೂತ್ರಪಿಂಡಗಳನ್ನು ಕಾಪಾಡುವುದಕ್ಕೆ ಸಂಬಂಧಿಸಿದ್ದು. ಸಕ್ಕರೆ ಕಾಯಿಲೆಯ ಜೊತೆಗೆ ಎದೆನೋವೂ ಸೇರಿಕೊಂಡವರು ನಮ್ಮ ಬಂಧುಬಳಗದಲ್ಲಿಯೇ ಹಲವರಿದ್ದಾರೆ, ಅವರಲ್ಲಿ ಇಬ್ಬರು ಮೂವರು ಈಗಾಗಲೇ ವಿಚಾರಿಸಿದ್ದಾರೆ. ಆದ್ದರಿಂದ ನಡೆದದ್ದನ್ನು ವಿವರವಾಗಿ ಬರೆದಿಡುತ್ತಿದ್ದೇನೆ.

ನಾನು ಚಿತ್ರದುರ್ಗದಲ್ಲಿ ಖಜಾನೆ ಇಲಾಖೆಯ ನೌಕರಿ ಮಾಡಿ ನಿವೃತ್ತಳಾದವಳು. ವಯಸ್ಸು 66, ಸಕ್ಕರೆ ಕಾಯಿಲೆ ಸುಮಾರು 18 ವರ್ಷಗಳಿಂದ ಇದೆ, ರಕ್ತದೊತ್ತಡದ ಮಾತ್ರೆ ಅದಾದ ಕೆಲವು ವರ್ಷಗಳಿಗೆ ಶುರುವಾಯಿತು. ಏರು ದಾರಿಯಲ್ಲಿ ನಡೆದರೆ ಎದೆ ಬಿಗಿದಂತಾಗಿ, ನಿಂತರೆ ಸರಿಹೋಗುತ್ತಿತ್ತು. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ದೋಷ ಕಂಡಿತು. ಎಕೋದಲ್ಲಿ ಹೃದಯದ ಪಂಪಿನ ಶಕ್ತಿ ಶೇಕಡಾ 55 ಎಂದು ಬಂದದ್ದು ಸಮಾಧಾನದ ಸಂಗತಿಯಾಗಿತ್ತು. ಮಗಳು ದಾವಣಗೆರೆಯಲ್ಲಿಯೇ ಇರುವುದರಿಂದ ಅಲ್ಲಿಯ ಹೃದ್ರೋಗ ತಜ್ಞರನ್ನು ಕಂಡೆವು. ಅವರು ಆಂಜಿಯೋಗ್ರಾಂ ಬೇಕು ಎಂದರು. ಆದರೆ ದಿನಾಂಕ ಕೊಡುವ ಮೊದಲು ನನ್ನ ಹಳೆಯ ವರದಿಗಳ ಫೈಲನ್ನು ತೆಗೆದುಕೊಂಡು ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕಬೇಕಾದ, ಅದು ಸೋತರೆ ರಕ್ತದಲ್ಲಿ ಏರುವ ತ್ಯಾಜ್ಯ) ಇರುವ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಆ ವಾರದ ಅಂಕಿ 1.5 ಇತ್ತು. ಪ್ರಯೋಗಾಲಯದ ಹಾಳೆಯಲ್ಲಿ ಅದರ ಮುಂದೆ ಒಂದು ಸಣ್ಣ ಗುರುತು ಬಿಟ್ಟರೆ ಬೇರೇನೂ ಇರಲಿಲ್ಲ. ವೈದ್ಯರು ನನ್ನ ವಯಸ್ಸನ್ನೂ ಹೆಣ್ಣೆಂಬುದನ್ನೂ ಸೇರಿಸಿ ಲೆಕ್ಕ ಹಾಕಿ, ಮೂತ್ರಪಿಂಡಗಳ ಸೋಸುವ ಪ್ರಮಾಣ, ಅಂದರೆ ಇ-ಜಿಎಫ್‌ಆರ್, 38 ಎಂದು ಚೀಟಿಯಲ್ಲಿ ಬರೆದರು. ಆರೋಗ್ಯವಂತ ಯುವಕರಲ್ಲಿ ಇದು 90ರ ಮೇಲಿರುತ್ತದೆ. ವಯಸ್ಸಾದ ತೆಳ್ಳನೆಯ ಹೆಂಗಸರಲ್ಲಿ ಕ್ರಿಯಾಟಿನಿನ್ ನೋಡುವುದಕ್ಕೆ ಅಷ್ಟೇನೂ ಹೆಚ್ಚಿಲ್ಲವೆನಿಸಿದರೂ ಮೂತ್ರಪಿಂಡ ಅರ್ಧದಷ್ಟು ಸೋತಿರಬಹುದು ಎಂಬುದು ನನಗೆ ತಿಳಿದದ್ದು ಆಗಲೇ.

“ಅಮ್ಮಾ, ಆಂಜಿಯೋಗ್ರಾಂ ಮಾಡೋದು ದೊಡ್ಡ ವಿಷಯ ಅಲ್ಲ. ನಿಮ್ಮ ಕಿಡ್ನಿಗೆ ಪೆಟ್ಟು ಬೀಳದ ಹಾಗೆ ಮಾಡೋದು ನೋಡ್ಬೇಕು. ಅದಕ್ಕೆ ಒಂದು ವಾರ ಟೈಮ್ ಕೊಡಿ,” ಎಂದರು.

ಪೆಟ್ಟು ಬೀಳುವುದು ಡೈಯಿಂದ. ರಕ್ತನಾಳಗಳು ಎಕ್ಸ್-ರೇಯಲ್ಲಿ ತಾವಾಗಿ ಕಾಣುವುದಿಲ್ಲವಾದ್ದರಿಂದ ಅಯೋಡಿನ್ ಇರುವ ದ್ರವವೊಂದನ್ನು ಕೊಳವೆಯ ಮೂಲಕ ಹೃದಯದ ನಾಳಗಳಿಗೆ ಬಿಡುತ್ತಾರೆ. ಅದು ಹರಿಯುವಷ್ಟು ಹೊತ್ತು ಪರದೆಯ ಮೇಲೆ ನಾಳದ ಆಕಾರ ಮೂಡುತ್ತದೆ. ಆ ದ್ರವ ದೇಹದಿಂದ ಹೊರಹೋಗಲು ಇರುವ ಮುಖ್ಯ ದಾರಿ ಮೂತ್ರಪಿಂಡವೇ. ಮೂತ್ರಪಿಂಡದ ಒಳಭಾಗ ಸಾಮಾನ್ಯ ಸ್ಥಿತಿಯಲ್ಲಿಯೇ ಕಡಿಮೆ ಆಮ್ಲಜನಕದಲ್ಲಿ ಕೆಲಸ ಮಾಡುತ್ತಿರುತ್ತದೆ. ಡೈ ಅಲ್ಲಿಯ ಸೂಕ್ಷ್ಮ ರಕ್ತನಾಳಗಳನ್ನು ಇನ್ನಷ್ಟು ಸಂಕುಚಿತಗೊಳಿಸುತ್ತದೆ; ಸೋಸುವ ನಳಿಕೆಗಳಲ್ಲಿ ದಪ್ಪನಾಗಿ ನಿಧಾನವಾಗಿ ಸಾಗುತ್ತದೆ; ನಳಿಕೆಯ ಕೋಶಗಳಿಗೂ ನೇರವಾಗಿ ಹಾನಿ ಮಾಡಬಲ್ಲದು. ಮೊದಲೇ ಸೋತ ಮೂತ್ರಪಿಂಡ, ಸಕ್ಕರೆ ಕಾಯಿಲೆ, ಇಳಿವಯಸ್ಸು, ರಕ್ತಹೀನತೆ, ದುರ್ಬಲ ಹೃದಯ, ದೇಹದಲ್ಲಿ ನೀರಿನ ಕೊರತೆ, ಇವುಗಳಲ್ಲಿ ಯಾವುವು ಎಷ್ಟು ಸೇರಿಕೊಂಡಿವೆ ಎಂಬುದರ ಮೇಲೆ ಅಪಾಯ ಏರುತ್ತಾ ಹೋಗುತ್ತದೆ. ಹಾನಿಯಾದರೆ ಕ್ರಿಯಾಟಿನಿನ್ ಒಂದೆರಡು ದಿನದಲ್ಲಿ ಏರತೊಡಗಿ, ಮೂರರಿಂದ ಐದನೆಯ ದಿನದ ಹೊತ್ತಿಗೆ ಗರಿಷ್ಠ ಮಟ್ಟ ಮುಟ್ಟಿ, ಬಹುತೇಕರಲ್ಲಿ ಒಂದೆರಡು ವಾರಗಳಲ್ಲಿ ಹಿಂದಿನ ಮಟ್ಟಕ್ಕೆ ಇಳಿಯುತ್ತದೆ. ಕೆಲವರಲ್ಲಿ ಪೂರ್ತಿ ಇಳಿಯುವುದಿಲ್ಲ. ಅಪರೂಪಕ್ಕೆ ಡಯಾಲಿಸಿಸ್‌ವರೆಗೂ ಹೋಗುತ್ತದೆ.

ಈ ಕೊನೆಯ ಮಾತನ್ನು ಮಾತ್ರ ಹಿಡಿದುಕೊಂಡು “ಡೈ ಹಾಕಿಸಿದರೆ ಕಿಡ್ನಿ ಹೋಯಿತೆಂದೇ ಲೆಕ್ಕ” ಎನ್ನುವವರು ನಮ್ಮ ಬೀದಿಯಲ್ಲಿಯೇ ಇದ್ದಾರೆ. ಆ ಹೆದರಿಕೆಯಿಂದ ಆಂಜಿಯೋಗ್ರಾಂ ಮುಂದೂಡುತ್ತಾ ಹೋಗಿ ಹೃದಯಾಘಾತಕ್ಕೆ ಗುರಿಯಾದರೆ, ಆಗ ರಕ್ತದೊತ್ತಡ ಕುಸಿದು ಮೂತ್ರಪಿಂಡಕ್ಕೆ ಆಗುವ ನಷ್ಟ ಡೈಯಿಂದ ಆಗುವುದಕ್ಕಿಂತ ದೊಡ್ಡದು ಎಂದು ವೈದ್ಯರು ಹೇಳಿದ ಮೇಲೆ ನನಗೆ ಬೇಡವೆನ್ನಲು ಕಾರಣ ಉಳಿಯಲಿಲ್ಲ. ಸಂಬಂಧಿಕರೊಬ್ಬರು, ಕೊಳವೆ ಹಾಕುವುದೇ ಬೇಡ, ಸಿಟಿ ಆಂಜಿಯೋಗ್ರಾಂ ಮಾಡಿಸಿದರೆ ಮೂತ್ರಪಿಂಡ ಉಳಿಯುತ್ತದೆ ಎಂದು ಸಲಹೆ ಕೊಟ್ಟರು. ಆದರೆ ಸಿಟಿಯಲ್ಲಿಯೂ ಇದೇ ಅಯೋಡಿನ್ ಡೈಯನ್ನು ಕೈಯ ರಕ್ತನಾಳದ ಮೂಲಕ ಕೊಡುತ್ತಾರೆ, ಅದೂ 50ರಿಂದ 100 ಎಂಎಲ್‌ನಷ್ಟು. ಅದರಲ್ಲಿ ತಡೆ ಕಂಡುಬಂದರೆ ಮತ್ತೆ ಕ್ಯಾಥ್ ಲ್ಯಾಬಿಗೆ ಹೋಗಿ ಎರಡನೆಯ ಸಲ ಡೈ ತೆಗೆದುಕೊಳ್ಳಬೇಕಾಗುತ್ತದೆ. ಟ್ರೆಡ್‌ಮಿಲ್ಲಿನಲ್ಲಿಯೇ ದೋಷ ಸ್ಪಷ್ಟವಾಗಿ ಕಂಡಿದ್ದ ನನ್ನ ವಿಷಯದಲ್ಲಿ ಅದು ಎರಡು ಸಲ ತೆರಿಗೆ ಕಟ್ಟಿದಂತೆ ಆಗುತ್ತಿತ್ತು.

ಮೊದಲ ಕೆಲಸ ಮಾತ್ರೆಗಳ ಪರಿಶೀಲನೆ. ನಾನು ನುಂಗುವ ಪ್ರತಿಯೊಂದು ಮಾತ್ರೆಯ ಪಟ್ಟಿಯನ್ನು, ಅಂಗಡಿಯಿಂದ ನೇರವಾಗಿ ತಂದದ್ದನ್ನೂ ಸೇರಿಸಿ, ತರಲು ಹೇಳಿದ್ದರು. ಮಂಡಿನೋವಿಗೆಂದು ಆಗಾಗ ತೆಗೆದುಕೊಳ್ಳುತ್ತಿದ್ದ ಡೈಕ್ಲೋಫೆನಾಕ್ ಮೇಲೆ ಅವರ ಪೆನ್ನು ಮೊದಲು ಹೋಯಿತು. ಈ ಬಗೆಯ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಾವಾಗಿಯೇ ಕಡಿಮೆ ಮಾಡುತ್ತವೆ. ಅದರ ಮೇಲೆ ಡೈ ಬಿದ್ದರೆ ಎರಡೂ ಸೇರಿ ಕೆಡಿಸುತ್ತವೆ. ನೋವು ತಡೆಯದಿದ್ದರೆ ಪ್ಯಾರಾಸಿಟಮಾಲ್ ಸಾಕು ಎಂದರು. ಮೆಟ್‌ಫಾರ್ಮಿನ್ ಅನ್ನು ಪರೀಕ್ಷೆಯ ದಿನದಿಂದ ನಿಲ್ಲಿಸಿ, 48 ಗಂಟೆಗಳ ನಂತರ ಕ್ರಿಯಾಟಿನಿನ್ ನೋಡಿ ಮತ್ತೆ ಶುರು ಮಾಡಬೇಕೆಂದು ಬರೆದುಕೊಟ್ಟರು. ಮೆಟ್‌ಫಾರ್ಮಿನ್ ಮೂತ್ರಪಿಂಡವನ್ನು ಹಾಳುಮಾಡುತ್ತದೆಂಬ ಕಾರಣಕ್ಕೆ ಇದನ್ನು ನಿಲ್ಲಿಸುತ್ತಾರೆಂದು ಹಲವರು ತಿಳಿದಿದ್ದಾರೆ. ಅದು ಹಾಗಿಲ್ಲ. ಮೂತ್ರಪಿಂಡ ಅಕಸ್ಮಾತ್ ಸೋತರೆ ಆ ಮಾತ್ರೆ ದೇಹದಲ್ಲಿ ಉಳಿದು ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಬಹುದೆಂಬ ಎಚ್ಚರಿಕೆಯಷ್ಟೇ ಇದರ ಹಿಂದಿರುವುದು. ರಕ್ತದೊತ್ತಡದ ಟೆಲ್ಮಿಸಾರ್ಟಾನ್ ಬಗ್ಗೆ ವೈದ್ಯರಲ್ಲಿಯೇ ಭಿನ್ನಾಭಿಪ್ರಾಯವಿದೆ. ನನಗೆ ಆ ದಿನದ ಬೆಳಗಿನ ಮಾತ್ರೆಯನ್ನು ಮಾತ್ರ ಬಿಡಲು ಹೇಳಿದರು. ಆಸ್ಪಿರಿನ್ 75 ಮಿಲಿಗ್ರಾಂ ಮತ್ತು ಕೊಲೆಸ್ಟ್ರಾಲಿನ ಸ್ಟ್ಯಾಟಿನ್ ಮಾತ್ರೆಯನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದೆಂದು ಎರಡು ಸಲ ಹೇಳಿದ್ದು ಸರಿಯಾಗಿಯೇ ಇತ್ತು, ಏಕೆಂದರೆ “ನೋವಿನ ಮಾತ್ರೆ ಬಿಡಿ” ಎಂದಾಗ ಮನೆಗಳಲ್ಲಿ ಮೊದಲು ಬಿಡುವುದು ಆಸ್ಪಿರಿನ್ನನ್ನೇ.

ಎರಡನೆಯದು ನೀರು. ಪರೀಕ್ಷೆಯ ಹಿಂದಿನ ಸಂಜೆಯೇ ದಾಖಲಾದೆ. ತೂಕ ನೋಡಿದರು: 62 ಕಿಲೋ. ಕಿಲೋಗೆ ಗಂಟೆಗೆ 1 ಎಂಎಲ್‌ನಂತೆ ಸಾಮಾನ್ಯ ಉಪ್ಪುನೀರಿನ ಸಲೈನನ್ನು ಪರೀಕ್ಷೆಗೆ ಮುನ್ನ 12 ಗಂಟೆ, ಪರೀಕ್ಷೆಯ ನಂತರ 12 ಗಂಟೆ ಕೊಡುವುದು ರೂಢಿ. ಅಂದರೆ ನನಗೆ ಗಂಟೆಗೆ 62 ಎಂಎಲ್, ಒಟ್ಟಾರೆ ಒಂದೂವರೆ ಲೀಟರಿಗೆ ತುಸು ಕಡಿಮೆ. ಹೃದಯದ ಪಂಪ್ ದುರ್ಬಲವಾಗಿರುವವರಿಗೆ ಇದರ ಅರ್ಧ ವೇಗ. ಇಲ್ಲವಾದರೆ ಮೂತ್ರಪಿಂಡಕ್ಕೆಂದು ಕೊಟ್ಟ ನೀರು ಶ್ವಾಸಕೋಶದಲ್ಲಿ ತುಂಬಿ ಉಸಿರು ಕಟ್ಟುತ್ತದೆ. ರಾತ್ರಿಯ ಸಿಸ್ಟರ್ ಬಂದಾಗಲೆಲ್ಲ ಹನಿಗಳನ್ನು ಎಣಿಸುವುದರ ಜೊತೆಗೆ ನನ್ನ ಕಾಲಿನ ಊತ ನೋಡಿ, ಮಲಗಿದಾಗ ಉಸಿರಾಟ ಹೇಗಿದೆ ಎಂದು ಕೇಳುತ್ತಿದ್ದುದು ಇದೇ ಕಾರಣಕ್ಕೆ.

ಉಪವಾಸದ ವಿಷಯದಲ್ಲಿ ನನಗೆ ಕೊಟ್ಟ ಸೂಚನೆ ವಿವೇಕದ್ದಾಗಿತ್ತು: ಊಟ ಬೇಡ, ಆದರೆ ಬರಿಯ ನೀರನ್ನು ಪರೀಕ್ಷೆಗೆ ಎರಡು ಗಂಟೆ ಮುಂಚಿನವರೆಗೂ ಕುಡಿಯಬಹುದು. ನಮ್ಮ ಕಡೆ ಹೆಂಗಸರು ಪ್ರಯಾಣದ ದಿನ ನೀರೇ ಕುಡಿಯುವುದಿಲ್ಲ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂಬ ಭಯ. ಮೊಳಕಾಲ್ಮೂರಿನಿಂದಲೋ ಚಳ್ಳಕೆರೆಯಿಂದಲೋ ಬೇಸಿಗೆಯಲ್ಲಿ ಬಸ್ಸಿನಲ್ಲಿ ಬಂದು, “ಖಾಲಿ ಹೊಟ್ಟೆಯಲ್ಲಿ ಬನ್ನಿ” ಎಂದದ್ದಕ್ಕೆ ಹಿಂದಿನ ರಾತ್ರಿಯಿಂದ ತೊಟ್ಟು ನೀರೂ ಮುಟ್ಟದೆ, ಮಧ್ಯಾಹ್ನದವರೆಗೆ ತಮ್ಮ ಸರದಿಗಾಗಿ ಕಾಯುವವರ ಮೂತ್ರಪಿಂಡಗಳು ಡೈ ಬರುವ ಮೊದಲೇ ಬಳಲಿರುತ್ತವೆ. ಇನ್ನೊಂದು ಕಡೆ, ಮಗಳ ಮನೆಯ ಪಕ್ಕದವರು ಪ್ರೀತಿಯಿಂದ ತಂದ ಎಳನೀರನ್ನು ಸಿಸ್ಟರ್ ಕುಡಿಯಗೊಡಲಿಲ್ಲ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು; ಸೋತ ಮೂತ್ರಪಿಂಡ ಅದನ್ನು ಬೇಗ ಹೊರಹಾಕಲಾರದು, ಟೆಲ್ಮಿಸಾರ್ಟಾನ್ ಬೇರೆ ಅದನ್ನು ದೇಹದಲ್ಲಿಯೇ ಉಳಿಸುತ್ತದೆ.

ಪಕ್ಕದ ಹಾಸಿಗೆಯ ಹೆಂಗಸಿಗೆ ನೀರಿಗೆ ಹಾಕಿದರೆ ನೊರೆಯೆದ್ದು ಕರಗುವ ಅಸಿಟೈಲ್‌ಸಿಸ್ಟೀನ್ ಮಾತ್ರೆಯನ್ನು ಮೂತ್ರಪಿಂಡದ ರಕ್ಷಣೆಗೆಂದು ಬೇರೊಬ್ಬ ವೈದ್ಯರು ಬರೆದುಕೊಟ್ಟಿದ್ದರು. ನನಗೇಕೆ ಇಲ್ಲ ಎಂದು ಮಗಳು ಕೇಳಿದಳು. 2000ದ ಸುಮಾರಿಗೆ ಈ ಮಾತ್ರೆಯ ಮೇಲೆ ಬಹಳ ಭರವಸೆ ಹುಟ್ಟಿತ್ತಂತೆ. ಆದರೆ 2011ರಲ್ಲಿ ಬ್ರೆಜಿಲ್‌ನಲ್ಲಿ 2,300ಕ್ಕೂ ಹೆಚ್ಚು ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ ಪ್ರಯೋಜನ ಕಾಣಲಿಲ್ಲ. 2018ರಲ್ಲಿ ಪ್ರಕಟವಾದ ಪ್ರಿಸರ್ವ್ ಎಂಬ ಅಧ್ಯಯನ ಸುಮಾರು 5,000 ಅಪಾಯದಂಚಿನ ರೋಗಿಗಳಲ್ಲಿ ಅದನ್ನೇ ಖಚಿತಪಡಿಸಿತು, ಜೊತೆಗೆ ಸೋಡಿಯಂ ಬೈಕಾರ್ಬನೇಟಿನ ಡ್ರಿಪ್ ಕೂಡ ಸಾದಾ ಸಲೈನಿಗಿಂತ ಮೇಲಲ್ಲ ಎಂದು ತೋರಿಸಿತು. ಹೆಚ್ಚು ಮೂತ್ರ ಹೋಗಲೆಂದು ಫ್ರುಸೆಮೈಡ್ ಇಂಜೆಕ್ಷನ್ ಕೊಡುವ ಹಳೆಯ ಪದ್ಧತಿಯಿಂದ ಲಾಭವಿಲ್ಲವೆಂಬುದು 1994ರಷ್ಟು ಹಿಂದೆಯೇ ಗೊತ್ತಾಗಿತ್ತು. ಮುನ್ನೆಚ್ಚರಿಕೆಗೆಂದು ಡಯಾಲಿಸಿಸ್ ಮಾಡಿಸುವುದಂತೂ ಬೇಡವೇ ಬೇಡ. ಇಷ್ಟೆಲ್ಲ ಕೇಳಿದ ಮೇಲೆ ನಾನೂ ಓದತೊಡಗಿದೆ. ಓದಿದಾಗ ಸಲೈನಿನ ಬಗ್ಗೆಯೂ ಪ್ರಶ್ನೆ ಎದ್ದಿತು. 2017ರಲ್ಲಿ ನೆದರ್ಲೆಂಡ್ಸ್‌ನಿಂದ ಬಂದ ಅಧ್ಯಯನವೊಂದು, ಇ-ಜಿಎಫ್‌ಆರ್ 30ರಿಂದ 59ರ ನಡುವೆ ಇರುವವರಿಗೆ ಸಲೈನ್ ಕೊಡದೆ ಇದ್ದರೂ ಫಲಿತಾಂಶ ಕೆಟ್ಟದಾಗಲಿಲ್ಲ ಎಂದಿತ್ತು. ನಾನು ಅದೇ ಗುಂಪಿನವಳು. ಬೆಳಗಿನ ಸುತ್ತಿಗೆ ಬಂದ ವೈದ್ಯರಿಗೆ ಇದನ್ನು ಕೇಳಿಯೇಬಿಟ್ಟೆ.

ಅವರು ಬೇಸರಿಸಲಿಲ್ಲ. ಆ ಅಧ್ಯಯನದಲ್ಲಿ ಸಿಟಿ ಸ್ಕ್ಯಾನಿಗೆಂದು ಡೈ ತೆಗೆದುಕೊಂಡವರೂ ಬಹಳ ಮಂದಿ ಇದ್ದರು. ಹೃದಯದ ಹತ್ತಿರ ಅಪಧಮನಿಗೇ ಬಿಟ್ಟ ಡೈ ಹೆಚ್ಚು ತೆಳುವಾಗದೆ ಮೂತ್ರಪಿಂಡವನ್ನು ತಲುಪುತ್ತದೆ. ನಿಮ್ಮ ಹೃದಯ ನೀರನ್ನು ತಡೆದುಕೊಳ್ಳುವಷ್ಟು ಗಟ್ಟಿಯಾಗಿರುವಾಗ ಕೊಡುವುದರಲ್ಲಿ ನಷ್ಟವಿಲ್ಲ, ಎಂದರು. ಈ ಉತ್ತರ ನನಗೆ ಒಪ್ಪಿಗೆಯಾಯಿತು. ಆದರೆ ಸಲೈನ್ ಬಾಟಲಿ ನೇತುಹಾಕಿದ ಮಾತ್ರಕ್ಕೆ ರಕ್ಷಣೆ ಸಿಕ್ಕಿತು ಎಂದುಕೊಳ್ಳುವುದು ಸರಿಯಲ್ಲವೆಂದೂ ಅರಿವಾಯಿತು. ಹೆಚ್ಚು ಖಚಿತವಾದ ರಕ್ಷಣೆ ಡೈಯನ್ನು ಕಡಿಮೆ ಬಳಸುವುದರಲ್ಲಿದೆ.

ಅದರ ಮಿತಿಯನ್ನು ಅವರು ಮುಂಚೆಯೇ ಲೆಕ್ಕ ಹಾಕಿಟ್ಟಿದ್ದರು. ಡೈಯ ಎಂಎಲ್ ಸಂಖ್ಯೆ ಇ-ಜಿಎಫ್‌ಆರ್‌ನ ಮೂರು ಪಟ್ಟನ್ನು ದಾಟಬಾರದು, ಸಾಧ್ಯವಾದರೆ ಎರಡು ಪಟ್ಟಿನೊಳಗೆ ಇರಬೇಕು ಎಂಬುದು ಅವರು ಪಾಲಿಸುವ ನಿಯಮ. ನನ್ನ 38ಕ್ಕೆ ಎರಡು ಪಟ್ಟು ಎಂದರೆ 76 ಎಂಎಲ್. ಅನುದಾನ ಮೀರಿದ ಬಿಲ್ಲನ್ನು ಪಾಸು ಮಾಡದೆ ವಾಪಸು ಕಳಿಸುತ್ತಾ ಮೂವತ್ತು ವರ್ಷ ಕಳೆದ ನನಗೆ ಈ ಲೆಕ್ಕ ಬೇರೆ ಯಾವ ವಿವರಣೆಗಿಂತಲೂ ಬೇಗ ಹಿಡಿಸಿತು. ಬಳಸಿದ ಡೈ ರಕ್ತದಷ್ಟೇ ಸಾಂದ್ರತೆಯ ಅಯೋಡಿಕ್ಸನಾಲ್. ಹಿಂದಿನ ಕಾಲದ ಡೈಗಳ ಸಾಂದ್ರತೆ ರಕ್ತಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಈಗ ಎಲ್ಲೆಡೆ ಸಾಮಾನ್ಯವಾಗಿರುವವು ಅವಕ್ಕಿಂತ ಬಹಳ ಸೌಮ್ಯ. ಈ ಸೌಮ್ಯ ಡೈಗಳಿಗೂ ನನಗೆ ಕೊಟ್ಟದ್ದಕ್ಕೂ ಮೂತ್ರಪಿಂಡದ ಮಟ್ಟಿಗೆ ಇರುವ ವ್ಯತ್ಯಾಸ ಒಂದು ಕಾಲದಲ್ಲಿ ಅಂದುಕೊಂಡಷ್ಟು ದೊಡ್ಡದಲ್ಲವಂತೆ. ಆದ್ದರಿಂದ ಡೈಯ ಹೆಸರಿಗಿಂತ ಅದರ ಪ್ರಮಾಣವನ್ನು ಕೇಳುವುದೇ ಮೇಲು.

ಕ್ಯಾಥ್ ಲ್ಯಾಬಿನೊಳಗಿನ ಕಥೆ ಚಿಕ್ಕದು. ಬಲಗೈ ಮಣಿಕಟ್ಟಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಅಲ್ಲಿಂದಲೇ ಕೊಳವೆ ಏರಿಸಿದರು, ಎಚ್ಚರವಾಗಿಯೇ ಇದ್ದೆ. ಪ್ರತಿ ಚಿತ್ರಕ್ಕೂ ಕ್ಯಾಮೆರಾ ತಿರುಗಿ ನಿಂತ ಮೇಲೆ ಕೆಲವೇ ಎಂಎಲ್ ಡೈ ಬಿಡುತ್ತಿದ್ದರು, ಟೆಕ್ನಿಷಿಯನ್ ಮೊತ್ತವನ್ನು ಕೂಗುತ್ತಿದ್ದರು. ಸಾಮಾನ್ಯವಾಗಿ ಕೊನೆಯಲ್ಲಿ ಹೃದಯದ ಎಡ ಕೋಣೆಯ ಚಿತ್ರವನ್ನೂ ತೆಗೆಯುವುದುಂಟು. ಅದೊಂದಕ್ಕೇ 30 ಎಂಎಲ್ ಆಸುಪಾಸು ಬೇಕು. ಪಂಪಿನ ಶಕ್ತಿ ಎಕೋದಲ್ಲಿ ಗೊತ್ತಾಗಿರುವಾಗ ಅದು ಅನಗತ್ಯವೆಂದು ಬಿಟ್ಟರು. ಒಟ್ಟು 34 ಎಂಎಲ್. ಎಡಭಾಗದ ಮುಖ್ಯ ನಾಳದಲ್ಲಿ ಒಂದು ಕಡೆ ಶೇಕಡಾ 85ರಷ್ಟು ತಡೆ ಇತ್ತು. ಸ್ಟೆಂಟ್ ಬೇಕೆಂಬುದು ಆಗಲೇ ಸ್ಪಷ್ಟವಾಯಿತು.

ಹೊರಗೆ ಕಾಯುತ್ತಿದ್ದ ಮಗಳಿಗೆ, ಹೇಗೂ ಕೊಳವೆ ಒಳಗಿರುವಾಗ ಇವತ್ತೇ ಸ್ಟೆಂಟ್ ಹಾಕಿ ಮುಗಿಸಬಾರದೇ ಎನಿಸಿತ್ತು. ಬಹಳ ಮಂದಿಗೆ ಹಾಗೆಯೇ ಮಾಡುತ್ತಾರೆ, ಖರ್ಚೂ ಕಡಿಮೆ. ಆದರೆ ಎದೆನೋವು ಸ್ಥಿರವಾಗಿರುವ, ಮೂತ್ರಪಿಂಡ ಸೋತ ರೋಗಿಗೆ ಒಂದೇ ದಿನ ಎರಡು ಹೊರೆ ಹೊರಿಸುವ ಬದಲು ಮೊದಲನೆಯದರಿಂದ ಮೂತ್ರಪಿಂಡ ಚೇತರಿಸಿಕೊಳ್ಳಲು ಬಿಟ್ಟು, ಆಮೇಲೆ ಎರಡನೆಯದನ್ನು ಮಾಡುವುದು ಲೇಸು ಎಂದು ವೈದ್ಯರು ನಿರ್ಧರಿಸಿದರು. ಇನ್ನೊಮ್ಮೆ ದಾಖಲಾಗುವ ಖರ್ಚು ಎಲ್ಲರ ಕೈಗೆಟುಕುವುದಲ್ಲ ಎಂಬುದನ್ನು ನಾನು ಬಲ್ಲೆ. ಪಿಂಚಣಿ ಇರುವ ನನಗೆ ಅದು ಸಾಧ್ಯವಾಯಿತು.

ಇದೇ ನಿಧಾನ ಎಲ್ಲರಿಗೂ ಸಲ್ಲದು. ನಾನು ವಾರ್ಡಿಗೆ ಮರಳಿದ ಮಧ್ಯಾಹ್ನ ಜಗಳೂರು ಕಡೆಯ ವೃದ್ಧ ರೈತರೊಬ್ಬರನ್ನು ಹೃದಯಾಘಾತವೆಂದು ಕರೆತಂದಿದ್ದರು. ಕ್ರಿಯಾಟಿನಿನ್ ವರದಿ ಬರುವ ಮೊದಲೇ ಅವರನ್ನು ಕ್ಯಾಥ್ ಲ್ಯಾಬಿಗೆ ಒಯ್ದರು. “ಇವರಿಗೆ ಹನ್ನೆರಡು ಗಂಟೆ ಡ್ರಿಪ್ ಇಲ್ವೇ?” ಎಂದು ಕೇಳಿದ್ದಕ್ಕೆ ಸಿಸ್ಟರ್, “ಹನ್ನೆರಡು ಗಂಟೆ ಕಾದ್ರೆ ಹೃದಯದ ಸ್ನಾಯು ಸತ್ತೋಗುತ್ತೆ ಅಮ್ಮಾ” ಎಂದರು. ಪೂರ್ತಿ ಮುಚ್ಚಿದ ನಾಳವನ್ನು ಆಸ್ಪತ್ರೆಗೆ ಬಂದ 90 ನಿಮಿಷದೊಳಗೆ ತೆರೆಯಬೇಕು. ಅಂಥವರಿಗೆ ಸಲೈನನ್ನು ಪರೀಕ್ಷೆಯ ಜೊತೆಗೆ ಮತ್ತು ನಂತರ ಕೊಡುತ್ತಾರೆ, ಡೈಯನ್ನು ಹಿಡಿತದಲ್ಲಿಡುತ್ತಾರೆ, ಉಳಿದದ್ದನ್ನು ಆಮೇಲೆ ನೋಡಿಕೊಳ್ಳುತ್ತಾರೆ. ಮೂತ್ರಪಿಂಡದ ಹೆಸರಿನಲ್ಲಿ ಸಹಿ ಹಾಕಲು ತಡಮಾಡುತ್ತಿದ್ದ ಅವರ ಮನೆಯವರನ್ನು ಕಂಡು ನನಗೆ ಸಂಕಟವಾಯಿತು.

ಪರೀಕ್ಷೆಯ ನಂತರದ 12 ಗಂಟೆಯ ಸಲೈನ್ ಮರುದಿನ ನಸುಕಿಗೆ ಮುಗಿಯಿತು. ಹೋದ ಮೂತ್ರವನ್ನೆಲ್ಲ ಅಳತೆಯ ಜಾಡಿಯಲ್ಲಿ ಹಿಡಿದು ಮಗಳು ಹಾಳೆಯಲ್ಲಿ ಬರೆದಿಡುತ್ತಿದ್ದಳು. ಬೆಳಗಿನ ಕ್ರಿಯಾಟಿನಿನ್ 1.5. ಇದನ್ನು ನೋಡಿ ನಿಶ್ಚಿಂತೆಯಾಗುವುದು ಸಹಜ. ಆದರೆ ಹಾನಿ ರಕ್ತದಲ್ಲಿ ಕಾಣಿಸಿಕೊಳ್ಳಲು ಒಂದೆರಡು ದಿನ ಬೇಕು. ರೋಗಿ ಮನೆಗೆ ಹೋದ ಮೇಲಿನ ಪರೀಕ್ಷೆಯೇ ನಿಜವಾದ ಪರೀಕ್ಷೆ, ಮತ್ತು ಬಹಳ ಜನ ತಪ್ಪಿಸುವುದೂ ಅದನ್ನೇ. ಎದೆನೋವಿಲ್ಲ, ಕೈಯ ಗಾಯ ಮಾಗಿದೆ, ಇನ್ನೇಕೆ ಸೂಜಿ ಎನಿಸುತ್ತದೆ. ಮೂತ್ರಪಿಂಡ ಸೋತಾಗ ನೋವಾಗುವುದಿಲ್ಲ, ಮೂತ್ರ ಹೋಗುತ್ತಲೇ ಇರುತ್ತದೆ. ರಕ್ತಪರೀಕ್ಷೆ ಬಿಟ್ಟರೆ ತಿಳಿಯುವ ದಾರಿಯಿಲ್ಲ. ಒಂದೊಂದು ಪ್ರಯೋಗಾಲಯದ ಅಂಕಿ ಸ್ವಲ್ಪ ಹೆಚ್ಚುಕಡಿಮೆ ಬರುವುದರಿಂದ ಅದೇ ಆಸ್ಪತ್ರೆಯಲ್ಲಿ ಮಾಡಿಸಲೆಂದು ಮಗಳ ಮನೆಯಲ್ಲಿಯೇ ಉಳಿದೆ. ಎರಡು ದಿನ ಕಳೆದ ಮೇಲಿನ ಅಂಕಿ 1.7. ಎದೆ ಧಸಕ್ಕೆಂದಿತು. ಆದರೆ 48 ಗಂಟೆಯೊಳಗೆ 0.3 ಅಥವಾ ಅದಕ್ಕಿಂತ ಹೆಚ್ಚು ಏರಿದರೆ ಮಾತ್ರ ಮೂತ್ರಪಿಂಡಕ್ಕೆ ಪೆಟ್ಟಾಗಿದೆಯೆಂದು ಪರಿಗಣಿಸುತ್ತಾರೆ, ಏರಿಕೆ 0.2ರಲ್ಲಿಯೇ ಇತ್ತು. ಮೆಟ್‌ಫಾರ್ಮಿನ್ ಅನ್ನು ಇನ್ನೂ ಕೆಲವು ದಿನ ನಿಲ್ಲಿಸಿ, ವಾರದ ನಂತರ ಮತ್ತೆ ನೋಡಿದಾಗ 1.5ಕ್ಕೆ ಇಳಿದಿತ್ತು. ಆಗ ಮಾತ್ರೆ ಶುರುವಾಯಿತು, ಸ್ಟೆಂಟಿನ ದಿನಾಂಕವೂ ನಿಗದಿಯಾಯಿತು.

ಎರಡನೆಯ ಬಾರಿಯೂ ಅದೇ ಕ್ರಮ: ಅದೇ ಮಾತ್ರೆಗಳಿಗೆ ತಡೆ, ಅದೇ ಸಲೈನ್. ವ್ಯತ್ಯಾಸವೆಂದರೆ ನಾಳದೊಳಗೆ ಹೋಗಿ ಅಳತೆ ಕೊಡುವ ಸಣ್ಣ ಅಲ್ಟ್ರಾಸೌಂಡ್ ತಂತಿಯೊಂದನ್ನು ಬಳಸಿದರು. ಸ್ಟೆಂಟಿನ ಉದ್ದ, ಅಗಲ, ಅದು ಸರಿಯಾಗಿ ಅರಳಿದೆಯೇ ಎಂಬುದೆಲ್ಲ ಅದರಿಂದಲೇ ತಿಳಿಯುವುದರಿಂದ ಪದೇ ಪದೇ ಡೈ ಬಿಟ್ಟು ನೋಡುವುದು ತಪ್ಪಿತು. ಅದಕ್ಕೆ ಬಿಲ್ಲಿನಲ್ಲಿ ಬೇರೆಯೇ ಮೊತ್ತ ಸೇರಿತು. ಡೈ 62 ಎಂಎಲ್. ನಂತರದ ಕ್ರಿಯಾಟಿನಿನ್ 1.6, ಆಮೇಲೆ 1.5. ಎರಡೂ ಸಲದ ಡೈಯ ಹೆಸರು, ಪ್ರಮಾಣ, ಮುಂಚಿನ ಮತ್ತು ನಂತರದ ಕ್ರಿಯಾಟಿನಿನ್ ಅನ್ನು ಡಿಸ್ಚಾರ್ಜ್ ಪತ್ರದಲ್ಲಿ ಬರೆಸಿಕೊಂಡೆ. ಕೇಳದಿದ್ದರೆ ಡೈಯ ಪ್ರಮಾಣವನ್ನು ಬರೆಯುವ ರೂಢಿ ಎಲ್ಲ ಕಡೆ ಇದ್ದಂತಿಲ್ಲ. ಮುಂದೆ ಬೇರೆ ಯಾವುದೇ ಸ್ಕ್ಯಾನಿಗೆ ಹೋದಾಗ ಅಲ್ಲಿಯವರು ಮೊದಲು ಕೇಳಬೇಕಾದದ್ದು ಇದನ್ನೇ. ಈಗ ಮೂರು ತಿಂಗಳಿಗೊಮ್ಮೆ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ನೋಡಿಸುತ್ತೇನೆ. ಮಂಡಿಗೆ ವ್ಯಾಯಾಮ ಮತ್ತು ಪ್ಯಾರಾಸಿಟಮಾಲ್ ಸಾಕಾಗುತ್ತಿದೆ ಎಂದರೆ ಪೂರ್ತಿ ನಿಜವಲ್ಲ, ಆದರೆ ನಡೆಯುತ್ತಿದೆ.

ನನ್ನ ಅನುಭವ ಕೇಳಿ ಹೆದರಿದ ನನ್ನ ತಮ್ಮ, ತನಗೂ ಆಂಜಿಯೋಗ್ರಾಂ ಹೇಳಿದಾಗ, ಹಿಂದಿನ ದಿನವೇ ದಾಖಲಾಗಬೇಕೇ ಅಕ್ಕಾ ಎಂದು ಫೋನ್ ಮಾಡಿದ. ವಯಸ್ಸು 60, ಸಕ್ಕರೆ ಕಾಯಿಲೆಯಿಲ್ಲ, ಕ್ರಿಯಾಟಿನಿನ್ 0.9, ಇ-ಜಿಎಫ್‌ಆರ್ 90ರ ಮೇಲೆ. ಅವನ ವೈದ್ಯರು ನೀರು ಚೆನ್ನಾಗಿ ಕುಡಿದು ಬರಲು ಹೇಳಿದರು. ಬೆಳಗ್ಗೆ ಹೋಗಿ ಸಂಜೆ ಮನೆಗೆ ಬಂದ, ಸಲೈನ್ ಬೇಕಾಗಲಿಲ್ಲ.